ಹಸಿರು ಪರದೆಯ ಮೇಲೆ ಪತ್ರಿ

ಕಳೆದ ವರ್ಷ ಆಷಾಢದ ಹೊತ್ತಿಗೆ ನಾನು ನವಿ ಮುಂಬಯಿಯ ಮಹಾಪೆಯಲ್ಲಿ ಒಂದು ಕ್ಯಾಟಲಾಗ್ ಸ್ಟುಡಿಯೋದ ಹಿರಿಯ ಫೋಟೋಗ್ರಾಫರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಕಾಂಟ್ರ್ಯಾಕ್ಟ್ ಮೇಲೆ. ಆನ್‌ಲೈನ್‌ನಲ್ಲಿ ಸಕಲ ಸರಕು ಮಾರುವ ಕಂಪನಿಯೊಂದು ಆ ಸ್ಟುಡಿಯೋ ನಡೆಸುತ್ತಿತ್ತು. ಮಾರುವವರು ತಮ್ಮ ಸರಕಿನ ಒಂದು ನಮೂನೆ ಕಳಿಸುತ್ತಿದ್ದರು, ನಾವು ಅದರ ಫೋಟೋ ತೆಗೆದು ಕಂಪನಿಯ ಪುಟಕ್ಕೆ ಏರಿಸುತ್ತಿದ್ದೆವು. ಚಪ್ಪಲಿ, ಮಿಕ್ಸರ್, ಪ್ಲಾಸ್ಟಿಕ್ ಡಬ್ಬ, ಗೋಡೆ ಗಡಿಯಾರ, ಎಲ್ಲವೂ ನಮ್ಮ ಮೇಜಿನ ಮೇಲೆ ಬಂದು ಹೋಗುತ್ತಿದ್ದವು.

ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ತಂದೆತಾಯಿ ಉಡುಪಿ ಕಡೆಯವರು. ಮದುವೆ ಫೋಟೋದಿಂದ ಶುರುಮಾಡಿ, ಸೀರೆ ಅಂಗಡಿಗಳ ಕ್ಯಾಟಲಾಗ್, ಪಾತ್ರೆ ಅಂಗಡಿಗಳ ಕ್ಯಾಟಲಾಗ್ ಎಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕಸುಬಿನಲ್ಲಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನ ತಲೆ ನಿಜವಾಗಿ ಕೆಟ್ಟದ್ದು ಒಂದೇ ಸಲ. ಅದೂ ಒಂದು ತುಂಡು ಬಟ್ಟೆಯಿಂದ.

ಆ ಬಟ್ಟೆ ಹಸಿರು. ಕ್ರೋಮಾ ಕೀ ಎಂಬ ಉಪಾಯದ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ವಸ್ತುವಿನ ಹಿಂದೆ ಗಾಢ ಹಸಿರು ಬಟ್ಟೆ ಕಟ್ಟಿ ಫೋಟೋ ತೆಗೆದರೆ, ‘ಚಿತ್ರದಲ್ಲಿರುವ ಹಸಿರನ್ನೆಲ್ಲ ಅಳಿಸು’ ಎಂದು ಕಂಪ್ಯೂಟರಿಗೆ ಹೇಳಬಹುದು. ಅಳಿದ ಜಾಗಕ್ಕೆ ಬೇಕಾದ ಹಿನ್ನೆಲೆ ಅಂಟಿಸಬಹುದು. ಟಿವಿಯಲ್ಲಿ ಹವಾಮಾನ ಹೇಳುವವರ ಬೆನ್ನ ಹಿಂದೆ ನಕ್ಷೆ ಬರುವುದು ಹೀಗೆಯೇ. ಮನುಷ್ಯರ ಮೈಬಣ್ಣದಲ್ಲಿ ಹಸಿರು ಇರುವುದಿಲ್ಲ, ಹಾಗಾಗಿ ಟಿವಿಯವರಿಗೆ ಇದು ಒಗ್ಗುತ್ತದೆ. ಮಿಕ್ಸರ್‌ಗೂ ಒಗ್ಗುತ್ತದೆ. ನಮ್ಮ ಕಂಪನಿಗೆ ಇದು ಎಷ್ಟು ಒಗ್ಗಿತ್ತೆಂದರೆ, ಸ್ಟುಡಿಯೋದ ಅಷ್ಟೂ ಮೇಜುಗಳಿಗೆ ಹಸಿರು ಬಟ್ಟೆ ಹೊದಿಸಿ, ಬೇರೆ ಯಾವ ಹಿನ್ನೆಲೆಯನ್ನೂ ಒಳಗೆ ತರಕೂಡದೆಂದು ನಿಯಮ ಮಾಡಿದ್ದರು.

ಮಳೆಗಾಲದ ಆರಂಭದಲ್ಲಿ ಕಂಪನಿ ತಾಜಾ ಹೂವಿನ ವಿಭಾಗ ತೆರೆಯಿತು. ಗುಲಾಬಿ ಗುಚ್ಛ, ಮದುವೆಯ ಹಾರ, ಪೂಜೆಯ ತಟ್ಟೆ. ಅವತ್ತೇ ನಾನು ಮ್ಯಾನೇಜರ್ ರೋಹಿತನಿಗೆ ಹೇಳಿದೆ, ಹೂವಿಗೆ ಹಸಿರು ಪರದೆ ಬೇಡ, ಹೂವೆಂದರೆ ಅದರ ಜೊತೆ ಎಲೆ ಇರುತ್ತದೆ, ದಂಟು ಇರುತ್ತದೆ, ಅವೂ ಅಳಿಸಿಹೋಗುತ್ತವೆ ಎಂದು. ರೋಹಿತ್ ಠಾಣೆಯ ಮಾಜಿವಾಡಾದಲ್ಲಿ ಬೆಳೆದ ಹುಡುಗ. ಮನೆಮಂದಿ ಧಾರವಾಡದವರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಮೇಡಂ, ಸಾಫ್ಟ್‌ವೇರ್ ಸ್ಮಾರ್ಟ್ ಹೈ,” ಎಂದ. “ಜೋ ಗಾಯಬ್ ಹೋಗಾ, ವೋ ಖುದ್ ಭರ್ ದೇಗಾ.”

ಅಳಿದುಹೋದದ್ದನ್ನು ಸಾಫ್ಟ್‌ವೇರೇ ತುಂಬಿಕೊಡುತ್ತದಂತೆ. ಯಾವುದರಿಂದ ತುಂಬುತ್ತದೆ ಎಂದು ನಾನು ಕೇಳಿದೆ. ಅವನು ಅಷ್ಟು ಹೊತ್ತಿಗೆ ಫೋನ್ ಎತ್ತಿಕೊಂಡಿದ್ದ.

ಇದಾದ ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ ಸ್ಟುಡಿಯೋದ ಗೇಟಿನ ಹೊರಗೆ ಗಲಾಟೆ ಕೇಳಿಸಿತು. ನಾನು ಎದುರಿನ ಟಪರಿ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಒಬ್ಬ ಹೆಂಗಸು ವಾಚ್‌ಮನ್‌ ಜೊತೆ ಮರಾಠಿಯಲ್ಲಿ ವಾದಿಸುತ್ತ, ನಡುನಡುವೆ ತನ್ನಷ್ಟಕ್ಕೆ ಕನ್ನಡದಲ್ಲಿ ಬೈಯುತ್ತಿದ್ದರು. ಒಂದು ಕೈಯಲ್ಲಿ ಒದ್ದೆ ಗೋಣಿಬಟ್ಟೆ ಮುಚ್ಚಿದ ಬುಟ್ಟಿ, ಇನ್ನೊಂದರಲ್ಲಿ ಫೋನ್. ಕನ್ನಡ ಕಿವಿಗೆ ಬಿದ್ದದ್ದೇ ನಾನು ಎದ್ದು ಹೋದೆ.

“ಏನಾಯಿತು? ನಾನು ಇಲ್ಲೇ ಫೋಟೋ ತೆಗೆಯುವವಳು.”

“ನೀವs ಏನ್ರಿ ಅಕ್ಕಾರ?” ಎಂದು ಅವರು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು. “ಹಂಗಾರ ಹೇಳ್ರಿ. ನನ್ನ ಪತ್ರಿ ಎಲ್ಲಿ ಹೋತು?”

ಆಕೆಯ ಹೆಸರು ಮಹಾದೇವಿ. ವಿಜಯಪುರದ ಕಡೆಯವರು, ಕಲ್ಯಾಣ ಪೂರ್ವದಲ್ಲಿ ವಾಸ. ಗಂಡ ಕಲ್ಯಾಣದ ಹೂವಿನ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಾರೆ. ಮಹಾದೇವಿ ಅಂಬರನಾಥದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವರು, ಅದನ್ನು ಬಿಟ್ಟು ಈ ವ್ಯಾಪಾರಕ್ಕೆ ಇಳಿದಿದ್ದರು. ಅವರು ಕಟ್ಟುತ್ತಿದ್ದದ್ದು ಶಿವಪೂಜೆಯ ಪತ್ರಿ ತಟ್ಟೆ. ಅಗಲವಾದ ಒಣ ಎಲೆಯ ತಟ್ಟೆಯ ಅಂಚಿನಲ್ಲಿ ಮೂರೆಸಳಿನ ಬಿಲ್ವಪತ್ರೆಯ ಸುತ್ತು, ಅದರೊಳಗೆ ಮರುಗದ ಸುತ್ತು, ಮತ್ತೆ ಬಿಲ್ವ, ನಟ್ಟನಡುವೆ ಐದು ಬಿಳಿ ಸೇವಂತಿಗೆ. ತಟ್ಟೆಯ ಬೆಲೆಯೆಲ್ಲ ಆ ಪತ್ರಿಯಲ್ಲೇ ಇತ್ತು. ತೂತು ಬೀಳದ, ಎಸಳು ಮುರಿಯದ ಬಿಲ್ವ ಆರಿಸುವುದು ಸುಲಭದ ಕೆಲಸವಲ್ಲ.

ಫೋನಿನಲ್ಲಿದ್ದ ಚಿತ್ರ ನೋಡಿದೆ. ಅದರಲ್ಲಿ ಒಂದೇ ಒಂದು ಪತ್ರಿಯೂ ಇರಲಿಲ್ಲ. ತಟ್ಟೆಯ ತುಂಬ ಬಿಳಿ ಸೇವಂತಿಗೆ, ರಾಶಿ ರಾಶಿ, ಅಮೃತಶಿಲೆಯ ಮೇಜಿನ ಮೇಲೆ. ಕೆಳಗೆ ಮಹಾದೇವಿಯ ಹೆಸರು, ಊರು ಕಲ್ಯಾಣ.

ನಡೆದದ್ದೇನೆಂದು ನನಗೆ ನಿಂತಲ್ಲೇ ಹೊಳೆಯಿತು. ನಾನು ಸ್ಟೀಲ್ ರ‍್ಯಾಕ್‌ಗಳ ಫೋಟೋಗೆಂದು ಅಂಬರನಾಥಕ್ಕೆ ಹೋಗಿದ್ದ ದಿನ ಅವರ ನಮೂನೆ ಬಂದಿದೆ. ಅದನ್ನು ಹಸಿರು ಬಟ್ಟೆಯ ಮೇಲೆ ಇಟ್ಟಿದ್ದಾರೆ. ನಮ್ಮ ಬಟ್ಟೆಗಳು ಸುಕ್ಕುಗಟ್ಟಿ ಒಂದೊಂದು ಕಡೆ ಒಂದೊಂದು ಹಸಿರಾಗಿ ಕಾಣುತ್ತಿದ್ದುದರಿಂದ, ಹಸಿರಿನ ಹತ್ತಿರ ಸುಳಿಯುವ ಬಣ್ಣವನ್ನೂ ಬಿಡಬೇಡ ಎಂದು ಸಾಫ್ಟ್‌ವೇರಿಗೆ ಹೇಳಿಟ್ಟಿದ್ದರು. ಅದು ಬಿಲ್ವವನ್ನೂ ಮರುಗವನ್ನೂ ನುಂಗಿ ನೀರು ಕುಡಿಯಿತು. ಉಳಿದದ್ದು ಐದು ಸೇವಂತಿಗೆ. ಖಾಲಿ ಬಿದ್ದ ತಟ್ಟೆಯನ್ನು ಅದೇ ಐದು ಹೂವುಗಳನ್ನು ಮತ್ತೆ ಮತ್ತೆ ಅಂಟಿಸಿ ತುಂಬಿತು. ರೋಹಿತನ ಸ್ಮಾರ್ಟ್ ಸಾಫ್ಟ್‌ವೇರು.

ಚಿತ್ರ ನೋಡಿ ಠಾಣೆಯ ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸುಗಳಿಂದ ಆರ್ಡರ್ ಬಂದಿದ್ದವು. ಸೇವಂತಿಗೆಯ ರಾಶಿ ಬರುತ್ತದೆಂದು ಕಾದವರ ಮನೆಗೆ ಪತ್ರಿಯ ತಟ್ಟೆ ಹೋಯಿತು. ಮೂವರು ದೂರು ಬರೆದರು. ‘ಹೂವು ತೋರಿಸಿ ಎಲೆ ಕಳಿಸಿದ್ದಾರೆ’ ಎಂದು ಒಬ್ಬರು. ‘ದೇವರ ಹೆಸರಿನಲ್ಲೂ ಮೋಸ’ ಎಂದು ಇನ್ನೊಬ್ಬರು. ಕಂಪನಿಯ ನಿಯಮದಂತೆ ಮೂರು ದೂರು ಸೇರಿದ ಕೂಡಲೇ ಹೊಸ ಆರ್ಡರ್ ನಿಂತುಹೋಯಿತು. ಪುಟ ಮಾತ್ರ ಎಲ್ಲರಿಗೂ ಕಾಣುವಂತೆ ತೆರೆದೇ ಇತ್ತು, ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ‘ಚಿತ್ರಕ್ಕೆ ಹೊಂದದ ಸರಕು’ ಎಂದು ಬರೆದುಕೊಂಡು. ಶ್ರಾವಣದ ಮೊದಲ ಸೋಮವಾರ ಹತ್ತಿರ ಬರುತ್ತಿತ್ತು. ಪತ್ರಿ ಮಾರುವವರಿಗೆ ವರ್ಷದ ವ್ಯಾಪಾರವೆಲ್ಲ ಇರುವುದು ಆ ತಿಂಗಳಲ್ಲಿ.

“ನಮ್ಮ ಓಣ್ಯಾಗಿನ ಮಂದೀನೂ ನೋಡ್ಯಾರ್ರಿ,” ಎಂದರು ಮಹಾದೇವಿ. “ಮೋಸಗಾರ್ತಿ ಅನ್ನಾಕತ್ಯಾರ. ವ್ಯಾಪಾರ ಹೋದ್ರ ಫ್ಯಾಕ್ಟರಿ ಐತಿ, ಮತ್ತ ಹೋಗ್ತೀನಿ. ಈ ಮಾತು ಎಲ್ಲಿ ತೊಳಕೊಳ್ಳಿ?”

ಬುಟ್ಟಿಯ ಗೋಣಿ ಸರಿಸಿ ತಾವು ಕಟ್ಟಿದ ತಟ್ಟೆ ತೋರಿಸಿದರು. ಆ ಮಳೆ ಬೆಳಕಿನಲ್ಲಿ ಬಿಲ್ವ ಒಂದು ಹಸಿರು, ಮರುಗ ಇನ್ನೊಂದು ಹಸಿರು, ಎರಡೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಇಷ್ಟು ಚೆಂದದ ವಸ್ತುವನ್ನು ಒರೆಸಿ ಹಾಕಿದ್ದಾರಲ್ಲ ಎಂದು ನನ್ನ ಮೈ ಉರಿಯಿತು. ನಾನು ಅವರನ್ನು ಕರೆದುಕೊಂಡು ನೇರ ರೋಹಿತನ ಕ್ಯಾಬಿನ್ನಿಗೆ ನುಗ್ಗಿದೆ.

ಅವನು ಎರಡನ್ನೂ ನೋಡಿದ. ಫೋನಿನಲ್ಲಿದ್ದ ಸೇವಂತಿಗೆ, ಬುಟ್ಟಿಯಲ್ಲಿದ್ದ ಪತ್ರಿ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಪ್ರಾಡಕ್ಟ್ ಹೀ ಗ್ರೀನ್ ಹೈ ತೋ ಕ್ಯಾ ಕರೇಂ ಮೇಡಂ?” ಎಂದ. ಸರಕೇ ಹಸಿರಾಗಿದ್ದರೆ ತಾವೇನು ಮಾಡುವುದಂತೆ, ವೆಂಡರ್ ಮುಂಚೆಯೇ ತಿಳಿಸಬೇಕಿತ್ತಂತೆ. ಹಸಿರು ವಸ್ತು ಹಸಿರಾಗಿದೆ ಎಂದು ಅರ್ಜಿ ಹಾಕಬೇಕಿತ್ತೇನೋ.

“ಎಂತ ಮಾತಾಡ್ತಾ ಇದ್ದೀ ನೀನು?” ಎಂದೆ. ನನ್ನ ದನಿ ಹೊರಗಿನ ಮೇಜುಗಳಿಗೂ ಕೇಳಿತೆಂದು ಆಮೇಲೆ ಗೊತ್ತಾಯಿತು. “ತಪ್ಪು ನಮ್ಮ ಬಟ್ಟೆಯದು. ದೂರು ಅವರ ಹೆಸರಿನ ಮೇಲೆ. ಚಿತ್ರ ತೆಗೆದದ್ದು ಕಂಪನಿ ಎಂದು ಆ ಪುಟದಲ್ಲಿ ಬರಿ.”

ಅದಾಗದು ಎಂದ. ಕಂಪನಿ ತನ್ನ ಚಿತ್ರ ತಪ್ಪೆಂದು ಎಲ್ಲೂ ಬರೆಯುವುದಿಲ್ಲ, ಲೀಗಲ್‌ನವರು ಒಪ್ಪುವುದಿಲ್ಲ. ಆಮೇಲೆ ದೊಡ್ಡ ಉಪಕಾರ ಮಾಡುವವನಂತೆ ಒಂದು ದಾರಿ ಹೇಳಿದ. ಈ ಖಾತೆಯನ್ನು ಹಾಗೇ ಬಿಟ್ಟು, ಗಂಡನ ಹೆಸರಿನಲ್ಲೋ ಇನ್ಯಾವುದೋ ಹೆಸರಿನಲ್ಲೋ ಹೊಸ ಖಾತೆ ತೆರೆಯುವುದು. ಅವನೇ ಮಾಡಿಸಿಕೊಡುತ್ತಾನೆ. ಹೊಸ ಹೆಸರು, ಶುದ್ಧ ಪುಟ, ಶ್ರಾವಣಕ್ಕೆ ವ್ಯಾಪಾರ ಶುರು. ನಾನು ಮಹಾದೇವಿಯ ಮುಖ ನೋಡಿದೆ. ಹೊಟ್ಟೆಪಾಡಿನ ಪ್ರಶ್ನೆ, ಒಪ್ಪಿಕೊಂಡರೂ ಅವರನ್ನು ದೂರುವಂತಿರಲಿಲ್ಲ.

“ಸಾಹೇಬ್ರ,” ಎಂದರು ಅವರು, ಮೆತ್ತಗೆ. “ಹೆಸರ ಬದಲ ಮಾಡಿದ್ರ ನಾ ಮೋಸ ಮಾಡೀನಿ ಅಂತ ನಾನs ಒಪ್ಪಿಕೊಂಡಾಂಗ ಆಗ್ತೈತಿ. ಹೆಸರ ಇದs ಇರ್ಲಿ. ಸುಳ್ಳ ಹೇಳಿದ್ದು ನಿಮ್ಮ ಫೋಟೋ. ಅದರ ಹೆಸರ ಬದಲ ಮಾಡ್ರಿ.”

ರೋಹಿತನಿಗೆ ಕನ್ನಡ ಅರ್ಥವಾಗುತ್ತದೆ ಎಂದೆನಲ್ಲ. ಅವತ್ತು ಅರ್ಥವಾಗದವನಂತೆ ಲ್ಯಾಪ್‌ಟಾಪ್ ನೋಡುತ್ತ ಕೂತ.

ಆ ಭಾನುವಾರ ಮಹಾದೇವಿ ಬುಟ್ಟಿಯೊಂದಿಗೆ ಡೊಂಬಿವಲಿಯ ನನ್ನ ಮನೆಗೆ ಬಂದರು. ಫೋಟೋ ನಾನೇ ತೆಗೆದುಕೊಡುತ್ತೇನೆಂದು ಹೇಳಿದ್ದೆ. ಕಂಪನಿಯ ಪುಟದಲ್ಲಿ ಮುಖ್ಯ ಚಿತ್ರ ಕಂಪನಿಯದು, ಅದರ ಪಕ್ಕದ ಕೆಲವು ಜಾಗಗಳು ಮಾರುವವರವು. ಅಲ್ಲಿ ಅವರು ತಮ್ಮ ಚಿತ್ರ ತಾವೇ ಹಾಕಬಹುದು. ಆರ್ಡರ್ ನಿಲ್ಲಿಸಿದರೂ ಆ ಜಾಗಗಳಿಗೆ ಬೀಗ ಹಾಕಿರಲಿಲ್ಲ.

ಈಗ ಹಿನ್ನೆಲೆಯ ಪ್ರಶ್ನೆ. ಪತ್ರಿಯ ಫೋಟೋ ಎಷ್ಟು ಕಷ್ಟವೆಂದು ಅವತ್ತೇ ನನಗೆ ತಿಳಿದದ್ದು. ಬಿಳಿ ಕಾಗದದ ಮೇಲಿಟ್ಟರೆ ಎಲೆಗಳು ಕಪ್ಪಗಾಗಿ ಹೂವು ಕಾಗದದಲ್ಲಿ ಕರಗಿತು. ಕರಿ ಬಟ್ಟೆ ತೆಗೆದೆ. ಮಹಾದೇವಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. “ಕರಿ ಅರಿವಿ ಮ್ಯಾಲ ಪೂಜಿ ಸಾಮಾನ ಇಡಾಂಗಿಲ್ರಿ ಅಕ್ಕಾರ.” ಅವರೇ ಒಂದು ಇಳಕಲ್ ಸೀರೆ ತಂದಿದ್ದರು, ತಮ್ಮ ಮದುವೆಯದು. ಅದನ್ನು ಹಾಸಿದೆವು. ನೋಡಿದವರೆಲ್ಲ ಸೀರೆ ಎಷ್ಟು ಎಂದು ಕೇಳುವ ಹಾಗಿತ್ತು. ಮರದ ಹಲಗೆಯ ಮೇಲಿಟ್ಟರೆ ಅದರ ಕೆಂಪು ಛಾಯೆ ಎಲೆಗಳಿಗೆ ಹತ್ತಿ ಬಿಲ್ವ ಬಾಡಿದಂತೆ ಕಂಡಿತು. ಹೊತ್ತು ಏರುತ್ತಿತ್ತು, ಬೆಳಕು ಬದಲಾಗುತ್ತಿತ್ತು, ಮರುಗ ಸೊರಗುತ್ತಿತ್ತು. ನನಗೆ ರೋಹಿತನ ಮೇಲಿದ್ದ ಸಿಟ್ಟು ಈಗ ನನ್ನ ಮನೆಯ ಎಲ್ಲ ಬಟ್ಟೆಬರೆಯ ಮೇಲೂ ತಿರುಗಿತು.

ಉಸಿರಾಡಲು ಕಿಟಕಿಗೆ ಹೋದೆ. ನಮ್ಮ ಪಕ್ಕದ ಹಳೆ ಕಟ್ಟಡವನ್ನು ರಿಡೆವಲಪ್‌ಮೆಂಟಿಗೆಂದು ಕೆಡವುತ್ತಿದ್ದರು. ಅಡುಗೆಮನೆಗಳಿಂದ ಕಿತ್ತ ಕಡಪ ಕಲ್ಲುಗಳನ್ನು ಗೇಟಿನ ಬಳಿ ಸಾಲಾಗಿ ಒರಗಿಸಿದ್ದರು. ಈ ಕಡೆಯ ಹಳೆ ಮನೆಗಳಲ್ಲಿ ಒಲೆ ಕಟ್ಟೆಗೆ ಹಾಕುತ್ತಿದ್ದದ್ದು ಇದೇ ಕರಿಗಲ್ಲು. ಎಷ್ಟೋ ವರ್ಷ ತೊಳೆದು, ಉಜ್ಜಿ, ಹಿಟ್ಟು ನಾದಿ, ಹೊಳಪೆಲ್ಲ ಹೋಗಿ ಬೂದು ತಿರುಗಿರುತ್ತದೆ. ಅಲ್ಲಿ ಕೆಲಸ ಮಾಡಿಸುತ್ತಿದ್ದ ಮುಕಾದಮನನ್ನು ಕೇಳಿದೆ. ಒಂದು ತುಂಡನ್ನು ಅವನ ಆಳುಗಳೇ ಮೇಲೆ ಹೊತ್ತು ತಂದು, ನನ್ನ ಉತ್ತರದ ಕಿಟಕಿಯ ಕೆಳಗೆ ಇಟ್ಟುಹೋದರು.

ಕಲ್ಲು ತೊಳೆದು ಒರೆಸಿದ ಮೇಲೂ ಅಲ್ಲಲ್ಲಿ ಎಣ್ಣೆಯ ಮಿನುಗು ಉಳಿದಿತ್ತು. ಮಹಾದೇವಿ ತಮ್ಮ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಒದ್ದೆ ಅಂಗೈಯಲ್ಲಿ ತೇಯ್ದು, ಕಲ್ಲಿನ ಮೇಲೆ ಒಂದು ತೆಳು ಲೇಪ ಎಳೆದರು. “ಒಲಿ ಕಟ್ಟಿ ಕಲ್ಲು. ವಿಭೂತಿ ಹಚ್ಚೀವಿ, ಇನ್ನ ನಡೀತೈತಿ,” ಎಂದರು. ಲೇಪ ಆರಿತು. ತಟ್ಟೆ ಇಟ್ಟೆವು.

ಫೋಟೋಗ್ರಾಫರುಗಳು ಗ್ರೇ ಕಾರ್ಡ್ ಎಂಬ ಬೂದು ರಟ್ಟು ಇಟ್ಟುಕೊಂಡಿರುತ್ತಾರೆ. ಬೂದುವಿಗೆ ತನ್ನದೇ ಬಣ್ಣವಿಲ್ಲ, ಹಾಗಾಗಿ ಅದನ್ನು ತೋರಿಸಿದರೆ ಕ್ಯಾಮೆರಾ ಉಳಿದ ಬಣ್ಣಗಳನ್ನು ಇದ್ದದ್ದು ಇದ್ದ ಹಾಗೆ ಓದುತ್ತದೆ. ಈಗ ಇಡೀ ಕಲ್ಲೇ ಒಂದು ಗ್ರೇ ಕಾರ್ಡ್ ಆಗಿತ್ತು. ಬಿಲ್ವ ಬಿಲ್ವದ ಹಸಿರಿನಲ್ಲಿ, ಮರುಗ ಮರುಗದ ಹಸಿರಿನಲ್ಲಿ ಕಂಡವು. ಐದು ಸೇವಂತಿಗೆ ಐದೇ ಆಗಿ ಕಂಡವು. ನಾನು ಒಂದು ಚಿತ್ರ ತೆಗೆದು ತೋರಿಸಿದೆ. ಮಹಾದೇವಿ ಬೆರಳಿಟ್ಟು ಸೇವಂತಿಗೆ ಎಣಿಸಿದರು.

“ಇದು ನಂದು,” ಎಂದರು.

ಅಷ್ಟಕ್ಕೆ ಮುಗಿಸಬಹುದಿತ್ತು. ಆದರೆ ನನ್ನ ಸಿಟ್ಟು ಇಳಿದಿರಲಿಲ್ಲ, ಅವರದ್ದೂ ಇಳಿದಿರಲಿಲ್ಲ. ಒಳ್ಳೆಯ ಚಿತ್ರವೊಂದನ್ನು ಪಕ್ಕದ ಜಾಗದಲ್ಲಿ ಹಾಕಿದರೆ ಆ ದೂರುಗಳಿಗೆ ಉತ್ತರ ಸಿಕ್ಕಂತಾಗುವುದಿಲ್ಲ. ಮೋಸ ಮಾಡಿ ಸಿಕ್ಕಿಬಿದ್ದ ಮೇಲೆ ಫೋಟೋ ಬದಲಿಸಿದ್ದಾಳೆ ಎನ್ನುತ್ತಾರೆ ಜನ. ನಾನು ಕಂಪನಿಯ ಆ ಸೇವಂತಿಗೆ ಚಿತ್ರವನ್ನು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ತಟ್ಟೆಯಷ್ಟೇ ಅಗಲಕ್ಕೆ ಪ್ರಿಂಟ್ ಹಾಕಿಸಿ ತಂದೆ. ಅದನ್ನು ಕಡಪ ಕಲ್ಲಿನ ಎಡಭಾಗದಲ್ಲಿಟ್ಟೆ. ಬಲಕ್ಕೆ ಮಹಾದೇವಿ ತಮ್ಮ ತಟ್ಟೆ ಇಟ್ಟರು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೆಗೆದೆ. ಅವರು ಅದನ್ನು ತಮ್ಮ ಜಾಗದಲ್ಲಿ ಏರಿಸಿ, ಕೆಳಗೆ ಶಾಲೆಗೆ ಹೋಗುವ ತಮ್ಮ ಮಗಳ ಕೈಯಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಎರಡೇ ಸಾಲು ಬರೆಸಿದರು: ‘ಎಡಕ್ಕಿರುವುದು ಕಂಪನಿಯವರು ತೋರಿಸಿದ ಫೋಟೋ. ಬಲಕ್ಕಿರುವುದು ನಾನು ಕಟ್ಟಿದ ತಟ್ಟೆ, ನಿಮ್ಮ ಮನೆಗೆ ಬಂದದ್ದು.’

ಮೂರು ದೂರುಗಳಲ್ಲಿ ಎರಡು ಹಾಗೆಯೇ ಉಳಿದವು. ‘ದೇವರ ಹೆಸರಿನಲ್ಲೂ ಮೋಸ’ ಎಂದು ಬರೆದಿದ್ದವರು ತಮ್ಮ ಮಾತನ್ನು ತಾವೇ ತಿದ್ದಿ ಹೀಗೆ ಬರೆದರು: ‘ನನಗೆ ಬಂದದ್ದು ಬಲಗಡೆಯದು. ಅದು ಚೆನ್ನಾಗಿಯೇ ಇತ್ತು. ಮೋಸ ಎಡಗಡೆಯವರದು.’

ಯಾರೋ ಆ ಪುಟದ ಚಿತ್ರ ತೆಗೆದು ತಮ್ಮ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಬೇರೆ ಬೇರೆ ಗುಂಪುಗಳಿಗೆ ಹೋಯಿತು. ಕಂಪನಿ ಎಚ್ಚೆತ್ತುಕೊಂಡು ಮಾಡಿದ ಮೊದಲ ಕೆಲಸವೆಂದರೆ ಇಡೀ ಪುಟವನ್ನೇ ಕಿತ್ತುಹಾಕಿದ್ದು. ಎರಡನೆಯದು ನನ್ನನ್ನು ಕರೆದದ್ದು.

“ಆಪ್ ನೇ ಕಿಯಾ?” ಎಂದ ರೋಹಿತ್.

“ನಾನೇ,” ಎಂದೆ. “ಚಿತ್ರದಲ್ಲಿ ಸುಳ್ಳು ಯಾವುದೆಂದು ತೋರಿಸು, ಅಳಿಸುತ್ತೇನೆ.”

ಅವನು ಸೆಕ್ಯುರಿಟಿಯವರನ್ನು ಕರೆದ. ನನ್ನ ಗೇಟ್ ಪಾಸ್ ಇಸಿದುಕೊಂಡರು. ಹೊರಗೆ ಬರುವಾಗ ಹುಡುಗರು ಆ ಮೇಜುಗಳ ಮೇಲೆ ಹಸಿರು ಬಟ್ಟೆಯನ್ನೇ ಎಳೆದು ಸರಿಪಡಿಸುತ್ತಿದ್ದರು, ಮೇಲೆ ಒಂದು ತುಳಸಿ ಕುಂಡ ಇಡಲಿಕ್ಕೆ. ಘಣಸೋಲಿಯಿಂದ ಠಾಣೆಯವರೆಗೆ ಲೋಕಲ್ ಗಾಡಿಯಲ್ಲಿ ನಾನು ಹಲ್ಲು ಕಡಿಯುತ್ತಲೇ ಕೂತಿದ್ದೆ. ನೌಕರಿ ಹೋದದ್ದಕ್ಕಿಂತ ಆ ತುಳಸಿಯನ್ನು ನೆನೆದು ಹೆಚ್ಚು ಸಿಟ್ಟು ಬರುತ್ತಿತ್ತು.

ಪುಟ ಹೋದರೂ ಗುಂಪುಗಳಲ್ಲಿ ಓಡಾಡುತ್ತಿದ್ದ ಚಿತ್ರ ಹೋಗಲಿಲ್ಲ. ಅದರ ಕೆಳಗೆ ‘ಮಹಾದೇವಿ, ಕಲ್ಯಾಣ’ ಎಂದಿತ್ತು. ಜನ ಅದನ್ನೇ ಹಿಡಿದು ಹೂವಿನ ಮಾರ್ಕೆಟ್ಟಿನಲ್ಲಿ ಕೇಳಿದರು, ಅಲ್ಲಿ ಲೋಡಿಂಗ್ ಮಾಡುವ ಗಂಡ ಸಿಕ್ಕರು, ಅವರಿಂದ ಫೋನ್ ನಂಬರು ಸಿಕ್ಕಿತು. ಅವತ್ತು ಆ ಕ್ಯಾಬಿನ್ನಿನಲ್ಲಿ ಮಹಾದೇವಿ ಹೆಸರು ಬದಲಿಸಿಕೊಂಡಿದ್ದರೆ ಯಾರನ್ನು ಹುಡುಕುತ್ತಿದ್ದರು ಇವರೆಲ್ಲ? ಶ್ರಾವಣದ ಮೊದಲ ಸೋಮವಾರ ಬೆಳಗಿನ ಗಾಡಿಯಲ್ಲಿ ಗಂಡಹೆಂಡತಿ ಇಬ್ಬರೂ ಬುಟ್ಟಿಗಳೊಂದಿಗೆ ಠಾಣೆಗೆ ಹೋದರು. ಈಗ ಮಹಾದೇವಿ ತಟ್ಟೆಯ ಫೋಟೋ ತಾವೇ ತೆಗೆಯುತ್ತಾರೆ, ತಮ್ಮದೇ ಫೋನಿನಲ್ಲಿ. ಕಡಪ ಕಲ್ಲು ಅವರ ಮನೆಯ ಬಾಗಿಲ ಪಕ್ಕದಲ್ಲಿದೆ. ಗೋಣಿ ಸುತ್ತಿಸಿ ಸಾಗಿಸಿದಾಗ ಟೆಂಪೋದವನು ಒಂದು ಕಲ್ಲಿಗೆ ಇಷ್ಟು ಮರ್ಯಾದೆ ಯಾಕೆಂದು ಕೇಳಿದನಂತೆ.

ದೀಪಾವಳಿ ಕಳೆದ ಮೇಲೆ ನನಗೆ ರೋಹಿತನಿಂದ ಒಂದು ಮೆಸೇಜು ಬಂತು. ಹೂವಿನ ವಿಭಾಗದಲ್ಲಿ ರಿಟರ್ನ್ ಹೆಚ್ಚಾಗಿದೆಯಂತೆ, ಮೇಲಿನವರು ನನ್ನ ಆ ಚಿತ್ರ ನೋಡಿದ್ದಾರಂತೆ, ಅಂಥದ್ದೇ ಹಿನ್ನೆಲೆ ಬೇಕಂತೆ. ‘ಮೇಡಂ, ಆ ಬೂದು ಬ್ಯಾಕ್‌ಗ್ರೌಂಡ್ ಯಾವ ಸಾಫ್ಟ್‌ವೇರಿನದು?’ ಎಂದು ಕೇಳಿದ್ದ. ಅಷ್ಟು ಕಾಲದಲ್ಲಿ ಅವನು ನನಗೆ ಕನ್ನಡದಲ್ಲಿ ಬರೆದದ್ದು ಅದೊಂದೇ ಸಲ.

‘ಡೊಂಬಿವಲಿಯ ಒಂದು ಅಡುಗೆಮನೆಯದು’ ಎಂದು ಉತ್ತರಿಸಿದೆ. ಅದಕ್ಕವನು ಮತ್ತೆ ಹಿಂದಿಗೆ ಹೊರಳಿ, ಆ ಹೆಸರಿನ ಆ್ಯಪ್ ಸಿಗುತ್ತಿಲ್ಲ, ಲಿಂಕ್ ಕಳಿಸಿ ಎಂದ.

ಈಗ ಯಾರಾದರೂ ಫೋಟೋ ಕೆಲಸ ಹಿಡಿದು ನನ್ನ ಬಳಿ ಬಂದು ಹಿನ್ನೆಲೆ ಯಾವುದು ಹಾಕೋಣ ಎಂದರೆ, ಮೊದಲು ವಸ್ತುವನ್ನು ತಂದು ನನ್ನ ಮುಂದೆ ಇಡಿ ಎನ್ನುತ್ತೇನೆ. ಅದನ್ನು ಕಣ್ಣಾರೆ ನೋಡುವ ತನಕ ಯಾವ ಬಟ್ಟೆಯನ್ನೂ ಬಿಚ್ಚುವುದಿಲ್ಲ. ಕಸುಬು ನನಗೆ ಕಲಿಸಿದ್ದು ಇಷ್ಟೇ: ಹಿನ್ನೆಲೆ ತಪ್ಪಿದರೆ ಫೋಟೋಗ್ರಾಫರ್‌ಗೆ ಯಾರೂ ಏನೂ ಅನ್ನುವುದಿಲ್ಲ, ಬೈಗುಳ ಹೋಗುವುದು ವಸ್ತುವನ್ನು ಕಟ್ಟಿದವರ ಮನೆಗೆ. ರೋಹಿತನಿಗೆ ಲಿಂಕ್ ಇನ್ನೂ ಕಳಿಸಿಲ್ಲ.